ಆಗಸ್ಟಿನ ಪರೀಕ್ಷೆ

ಅಜ್ಜಿ ಬೀಸಿದ ಸೌಟಿನ ಏಟಿಗೆ ಚೆಂಡು ತವಾರಿಸನ ಕಂಕುಳಿನಿಂದ ಜಾರಿ ನೇರವಾಗಿ ಸೊಪ್ಪಿನ ಬೋಗುಣಿಗೆ ಬಿತ್ತು. ಹಂದಿಯ ಮೂಳೆ ಹಾಕಿ ಬೇಯಿಸಿದ ರಸ ಮೇಜಿನ ತುಂಬ ಚೆಲ್ಲಿ, ಅಕ್ಕ ಶಾನಿಸಳ ಇಸ್ತ್ರಿ ಮಾಡಿದ ಸಮವಸ್ತ್ರಕ್ಕೂ ಹಾರಿತು.

"ಬಿತ್ತು ನೋಡ್ರೋ, ಬಿತ್ತು!" ಯೂಲಾ ಅಜ್ಜಿ ಹಲ್ಲಿಲ್ಲದ ಬಾಯಿ ತೆರೆದು ಕೇಕೆ ಹಾಕಿದಳು. "ಮುದುಕಿ ಕೈಲೇ ಚೆಂಡು ಕಳ್ಕೊಳ್ಳೋನು, ಆ ಕೋಣಗಳ ಮಧ್ಯೆ ಹ್ಯಾಗೋ ಉಳಿಸ್ಕೋತೀಯ?"

"ಅಜ್ಜೀ! ನಾನೀಗ ಡ್ಯೂಟಿಗೆ ಹೋಗ್ಬೇಕು!" ಶಾನಿಸ್ ಎದ್ದು ನಲ್ಲಿಯ ಕಡೆ ಓಡಿದಳು.

"ಹೋಗೇ. ನಿನ್ನ ವೃದ್ಧಾಶ್ರಮದ ಮುದುಕರು ಸೊಪ್ಪಿನ ವಾಸನೆಗೆ ಹಸಿವಾಗಿ ಎದ್ದು ಕೂರ್ತಾರೆ."

"ಅವ್ವ ಗೆದ್ಲು!" ಎಂದು ರೂಫಸ್ ಮೇಜು ಗುದ್ದಿದ. "ಇನ್ನೊಂದು ವಾರ ಹೊತ್ಕೊಂಡು ತಿರುಗು ಮಗನೇ."

ಅದು ಕೋಚ್ ಹಾಕಿದ ಶಿಕ್ಷೆ. ಆಟದಲ್ಲಿ ಚೆಂಡು ಬೀಳಿಸಿದವನು ಮುಂದಿನ ಆಟದವರೆಗೂ ಅದನ್ನು ಕಂಕುಳಲ್ಲೇ ಇಟ್ಟುಕೊಂಡಿರಬೇಕು. ತರಗತಿಯಲ್ಲೂ ಅಷ್ಟೆ, ಊಟದ ಮೇಜಿನಲ್ಲೂ ಅಷ್ಟೆ. ಕಂಡವರು ಯಾರು ಬೇಕಾದರೂ ಹೊಡೆದು ಬೀಳಿಸಬಹುದು. ಬಿದ್ದರೆ ಶಿಕ್ಷೆ ಮತ್ತೆ ಮೊದಲಿನಿಂದ. ಆ ವಾರ ಆಟವಿಲ್ಲವೆಂದು ತವಾರಿಸ್ ಕಾಲೇಜಿನಿಂದ ಮನೆಗೆ ಬಂದಿದ್ದ. ಟಕರ್ಸ್ ಬೆಂಡ್ ಊರಿಗೆ ಈ ಶಿಕ್ಷೆ ಹೊಸದೇನಲ್ಲ. ಕ್ಷೌರದಂಗಡಿಯ ಲೂಥರ್ ಬಾಚಣಿಗೆಯಿಂದ ಕುಟ್ಟಿ ನೋಡಿದ್ದ. ಚರ್ಚಿನ ಬಾಗಿಲಲ್ಲಿ ಪಾದ್ರಿಯೇ ಬೆನ್ನು ತಟ್ಟುವ ನೆಪದಲ್ಲಿ ಒಂದು ಏಟು ಹಾಕಿದ್ದರು. ಮೂವತ್ತು ವರ್ಷದ ಹಿಂದೆ ಇದೇ ಊರು ರೂಫಸನ ಕಂಕುಳಿಗೂ ಹೀಗೇ ಕುಟ್ಟಿತ್ತು. ಅಪ್ಪ ಮಗನಿಗೆ ಒಂದೇ ಕಾಲೇಜು, ಅಮೆರಿಕದ ಫುಟ್‌ಬಾಲಿನಲ್ಲಿ ಒಂದೇ ಕಸುಬು: ಮೊಟ್ಟೆಯಾಕಾರದ ಆ ಚೆಂಡನ್ನು ಕೂಸಿನ ಹಾಗೆ ಎದೆಗವಚಿಕೊಂಡು, ಎದುರಿನ ಹನ್ನೊಂದು ಜನ ಹಿಡಿದು ಕೆಡವುವವರೆಗೂ ತಲೆ ತಗ್ಗಿಸಿ ನುಗ್ಗುವುದು.

ಎಲ್ಲರೂ ನಗುತ್ತಿದ್ದರು. ವರ್ಲೀನ್ ಮಾತ್ರ ಬೋಗುಣಿಯಿಂದ ಚೆಂಡನ್ನು ಎತ್ತುತ್ತ ಮಗನ ಮುಖ ನೋಡಿದಳು. ತವಾರಿಸ್ ತನ್ನ ಖಾಲಿ ಕಂಕುಳನ್ನು ನೋಡಿಕೊಳ್ಳುತ್ತಿದ್ದ.

"ಯಾವಾಗ ಬಿತ್ತು?" ಎಂದ.

"ನಾಟಕ ಮಾಡ್ತಾನೆ," ಎಂದಳು ಅಜ್ಜಿ.

"ಊಟ ಮಾಡು," ಎಂದು ವರ್ಲೀನ್ ಅವನ ತಟ್ಟೆಗೆ ಇನ್ನೆರಡು ಸೌಟು ಬಟರ್ ಬೀನ್ಸ್ ಹಾಕಿದಳು. ಅವನು ತಿಂದ. ಚಿಕ್ಕಂದಿನಿಂದ ಅವನು ತಿನ್ನುವುದನ್ನು ನೋಡುವುದೆಂದರೆ ಅವಳಿಗೆ ಆಯಾಸವೆಲ್ಲ ಇಳಿದ ಹಾಗೆ. ಕಾರ್ಖಾನೆಯಲ್ಲಿ ದಿನವೆಲ್ಲ ಮಂಜುನೀರಿನಲ್ಲಿ ಕೈಯಿಟ್ಟು ಮೀನು ಕೊಯ್ಯುವವಳು ಅವಳು. ಬೆರಳುಗಳಿಗೆ ಚಳಿಗಾಲ ಬೇಸಿಗೆ ಎಂಬ ವ್ಯತ್ಯಾಸ ಮರೆತೇ ಹೋಗಿತ್ತು.

"ಅದನ್ನ ಇತ್ಲಾಗೆ ಕೊಡು," ಎಂದ ರೂಫಸ್. ಕೈ ಗಾಳಿಯಲ್ಲೇ ನಿಂತಿತ್ತು. "ಅದು... ಅದೇ... ಚುಚ್ಚಿ ತಿನ್ನೋದು."

ಶಾನಿಸ್ ಫೋರ್ಕನ್ನು ಅಪ್ಪನ ಮುಂದೆ ತಳ್ಳಿದಳು. ಈಗೀಗ ಮನೆಯಲ್ಲಿ ಎಲ್ಲರಿಗೂ ಅದು ರೂಢಿಯಾಗಿತ್ತು. ಎರಡು ವರ್ಷದಿಂದ ರೂಫಸನ ಬಾಯಿಂದ ಮಾತು ಒಂದೊಂದಾಗಿ ಉದುರುತ್ತಿತ್ತು. ಹತ್ತಿಯ ಗಿರಣಿಯಲ್ಲಿ ಯಂತ್ರ ನಿಲ್ಲಿಸುವುದನ್ನು ಮರೆತನೆಂದು ಕೆಲಸ ಬಿಡಿಸಿದ್ದರು. ಸಣ್ಣದಕ್ಕೂ ಸಿಟ್ಟು. ಸಿಟ್ಟು ಯಾಕೆ ಬಂತೆಂಬುದೂ ಆಮೇಲೆ ಮರೆತುಹೋಗುತ್ತಿತ್ತು. ಅವನಿಗಿನ್ನೂ ಐವತ್ತೆರಡು.

ಊಟವಾದ ಮೇಲೆ ತವಾರಿಸ್ ಪಾತ್ರೆ ಒರೆಸಲು ಬಂದು, ಮೊದಲು ಅಡುಗೆಮನೆಯ ದೀಪ ಆರಿಸಿದ.

"ಕತ್ತಲಲ್ಲಿ ತಟ್ಟೆ ಒಡೀತೀಯೇನೋ?"

"ಬೆಳಕು ಚುಚ್ಚುತ್ತಮ್ಮ. ನಿದ್ದೆ ಸರಿಯಾಗಿಲ್ಲ, ಅಷ್ಟೆ."

"ಯಾವಾಗಿಂದ?"

"ಏನು ಯಾವಾಗಿಂದ?" ಎಂದ ಅವನು.

*

ವಾರವೆಲ್ಲ ಕೊಯ್ದ ಮೀನನ್ನೇ ಶನಿವಾರ ಕರಿಯಬೇಕು. ಆಟವಿರುವ ದಿನ ಅಕ್ಕಪಕ್ಕದವರೆಲ್ಲ ವರ್ಲೀನಳ ಮನೆಯ ಟೀವಿಯ ಮುಂದೆ ಸೇರುವುದು ರಿವಾಜು. ಅಜ್ಜಿಗೆ ಮೆತ್ತೆಯ ಕುರ್ಚಿ. ಕ್ಷೌರದ ಲೂಥರ್ ತನ್ನ ಕುರ್ಚಿ ತಾನೇ ತಂದಿದ್ದ. ವರ್ಲೀನ್ ಮೆಕ್ಕೆಜೋಳದ ಹಿಟ್ಟಿನಲ್ಲಿ ಹೊರಳಿಸಿದ ಮೀನಿನ ತುಂಡುಗಳನ್ನು ಎಣ್ಣೆಗೆ ಬಿಡುತ್ತ, ಬಾಗಿಲ ಸಂದಿಯಿಂದ ಟೀವಿಯ ಒಂದು ಮೂಲೆಯನ್ನಷ್ಟೇ ನೋಡುತ್ತಿದ್ದಳು. ಪೂರ್ತಿ ನೋಡುವ ಧೈರ್ಯ ಅವಳಿಗೆ ಯಾವತ್ತೂ ಇರಲಿಲ್ಲ.

"ನುಗ್ಗು ನುಗ್ಗು ನುಗ್ಗು!" ರೂಫಸ್ ಕೂಗಿದ.

ಆಮೇಲೆ ಒಂದು ಶಬ್ದ ಬಂತು. ಎರಡು ಶಿರಸ್ತ್ರಾಣಗಳು ಢೀ ಕೊಟ್ಟದ್ದು, ಎಣ್ಣೆಯ ಸದ್ದನ್ನೂ ದಾಟಿ ಅಡುಗೆಮನೆಗೆ ಕೇಳಿಸಿತು. ವರ್ಲೀನ್ ಜಾಲರಿ ಸೌಟನ್ನು ಹಿಡಿದುಕೊಂಡೇ ಹೊರಗೆ ಬಂದಳು. ಹಸಿರು ಅಂಗಿಯ ತವಾರಿಸ್ ಹುಲ್ಲಿನ ಮೇಲೆ ಮೊಣಕಾಲೂರಿ ಕೂತಿದ್ದ. ಎದ್ದ. ಯಾರ ಕೈಯನ್ನೂ ಹಿಡಿಯದೆ ಸರಸರನೆ ನಡೆದ. ನಡೆದುಹೋಗಿ, ಮುಂದಿನ ಹೂಟ ಮಾತಾಡಿಕೊಳ್ಳಲು ದುಂಡಗೆ ನಿಂತಿದ್ದ ಹುಡುಗರ ನಡುವೆ ತಾನೂ ಬಗ್ಗಿ ನಿಂತ. ಅವರೆಲ್ಲ ಬಿಳಿ ಅಂಗಿಯವರು. ಎದುರಾಳಿಗಳು. ಅವರಲ್ಲೊಬ್ಬ ಅವನ ಹೆಗಲು ಹಿಡಿದು, ದಾರಿ ತಪ್ಪಿದ ಮುದುಕನನ್ನು ತಿರುಗಿಸುವ ಹಾಗೆ ಮೆಲ್ಲಗೆ ತಿರುಗಿಸಿ ಕಳಿಸಿದ.

ಟೀವಿಯಲ್ಲಿ ಮಾತಾಡುತ್ತಿದ್ದವನು ನಕ್ಕ. ಮನೆಯೂ ನಕ್ಕಿತು.

"ಸ್ವಂತ ಮನೆ ಬಿಟ್ಟು ಪಕ್ಕದ ಮನೆಗೆ ಊಟಕ್ಕೆ ಹೋದ!" ಎಂದ ಲೂಥರ್.

"ನಂಗೂ ಒಂದ್ಸಲ ಹಿಂಗೇ ಆಗಿತ್ತು," ಎಂದ ರೂಫಸ್ ಹೆಮ್ಮೆಯಿಂದ. "ಆವತ್ತು ಅರ್ಧ ಆಟ ನೆನಪೇ ಇಲ್ಲ. ಆದ್ರೂ ಗೆದ್ವಿ."

ವರ್ಲೀನ್ ಒಳಗೆ ಹೋಗಿ ಒಲೆ ಆರಿಸಿದಳು. ಮೀನು ಅರ್ಧ ಬೆಂದಿತ್ತು. ಯಾರೋ ಇನ್ನೂ ಬೇಕೆಂದು ಕೂಗಿದರು. "ಮುಗೀತು," ಎಂದಳು.

ಆವತ್ತು ತವಾರಿಸನನ್ನು ಮತ್ತೆ ಆಡಿಸಲಿಲ್ಲ. ಫೋನಿನಲ್ಲಿ ಅವನು, "ಸೋಮವಾರ ತಲೆ ಸರಿಯಿದೆಯಾ ಅಂತ ನೋಡೋ ಕಂಪ್ಯೂಟರ್ ಪರೀಕ್ಷೆ ಇದೆಯಮ್ಮ, ಪಾಸಾದ್ರೆ ಆಡಿಸ್ತಾರೆ, ಇಲ್ದಿದ್ರೆ ಇಲ್ಲ," ಎಂದಾಗ ಅವಳಿಗೆ ಎಷ್ಟೋ ನಿರಾಳವಾಯಿತು. ಆ ಸ್ಥಿತಿಯಲ್ಲಿ ಅವನು ಪಾಸಾಗುವುದುಂಟೆ? ಪ್ರಾರ್ಥನೆಯಲ್ಲಿ ಮಗ ಫೇಲಾಗಲೆಂದು ಬೇಡಿಕೊಂಡ ತಾಯಿ ಟಕರ್ಸ್ ಬೆಂಡಿನಲ್ಲಿ ಅವಳೊಬ್ಬಳೇ ಇರಬೇಕು.

ಅವನು ಪಾಸಾದ. ಒಂದು ಪರೀಕ್ಷೆಯಲ್ಲಲ್ಲ, ಎಲ್ಲದರಲ್ಲೂ. ವಾರದ ಕೊನೆಗೆ ಅಭ್ಯಾಸಕ್ಕೆ ಇಳಿದನೆಂದು ಸುದ್ದಿ ಬಂತು.

"ಅದ್ಹೇಗೆ ಪಾಸಾದ?" ರಾತ್ರಿ ಊಟಕ್ಕೆ ಕೂತಾಗ ಶಾನಿಸ್ ಕೇಳಿದಳು. "ನಿನ್ನೆ ಫೋನಲ್ಲಿ ನನ್ನನ್ನ ಅಜ್ಜಿ ಹೆಸರು ಹಿಡಿದು ಕರೆದ. ನಮ್ಮ ವೃದ್ಧಾಶ್ರಮದಲ್ಲಿ ಅಂಥೋರ್ನ ಒಬ್ರನ್ನೇ ಶೌಚಕ್ಕೆ ಕಳಿಸಲ್ಲ."

ರೂಫಸ್ ಬ್ರೆಡ್ಡನ್ನು ರಸದಲ್ಲಿ ಅದ್ದುತ್ತ ನಕ್ಕ. "ಪಾಸಾಗದೆ ಏನು? ಹೇಳ್ಕೊಟ್ಟೋನು ಯಾರು?"

"ಏನ್ ಹೇಳ್ಕೊಟ್ಟೆ?" ಎಂದಳು ವರ್ಲೀನ್.

ಮೊದಲಾಗಿದ್ದರೆ ರೂಫಸ್ ಇಂಥದನ್ನು ಹೊಟ್ಟೆಯಲ್ಲಿಟ್ಟುಕೊಳ್ಳುತ್ತಿದ್ದ. ಈಗ ಅವನ ಬಾಯಿಗೆ ಅಗುಳಿ ಇರಲಿಲ್ಲ.

"ಆಗಸ್ಟಲ್ಲಿ, ಆಟ ಶುರುವಾಗೋಕ್ಮುಂಚೆ, ಎಲ್ರನ್ನೂ ಕೂರಿಸಿ ತಲೆ ಎಷ್ಟು ಚುರುಕು ಅಂತ ಅಳೀತಾರೆ. ಪದ ತೋರಿಸ್ತಾರೆ, ಆಮೇಲೆ ಯಾವ ಪದ ಇತ್ತು ಅಂತ ಕೇಳ್ತಾರೆ. ಕೆಂಪು ಕಂಡ್ರೆ ಒತ್ತು, ಹಸಿರು ಕಂಡ್ರೆ ಬಿಡು, ಹಿಂಗೆ. ತಲೆಗೆ ಏಟು ಬಿದ್ಮೇಲೆ ಮತ್ತೆ ಅದೇ ಪರೀಕ್ಷೆ. ಆಗಸ್ಟಿಗಿಂತ ಕಮ್ಮಿ ಬಂದ್ರೆ ಕೂರಿಸ್ತಾರೆ. ಅದಕ್ಕೇ ಹೇಳ್ಕೊಟ್ಟೆ: ಆಗಸ್ಟಲ್ಲೇ ಬೇಕಂತ ತಪ್ಪು ಮಾಡು, ನಿಧಾನ ಒತ್ತು. ಆಗಸ್ಟಲ್ಲಿ ದಡ್ಡ ಆದೋನು ನವೆಂಬರಲ್ಲಿ ಜಾಣ ಆಗ್ತಾನೆ." ಅವನು ತನ್ನ ಮಾತಿಗೆ ತಾನೇ ತಲೆದೂಗಿದ. "ಲೂಥರ್ ಅಂಗಡೀಲಿ ಎಲ್ರಿಗೂ ಗೊತ್ತು ಇದು. ನಮ್ಮ ಕಾಲದಲ್ಲಿ ಕೋಚ್ ಬೆರಳು ತೋರಿಸಿ ಎಷ್ಟು ಅಂತ ಕೇಳೋನು. ಯಾವಾಗ್ಲೂ ಎರಡೇ. ಎರಡು ಅಂದ್ರೆ ಸಾಕಿತ್ತು."

ವರ್ಲೀನಳ ಕೈಯಲ್ಲಿದ್ದ ಲೋಟ ಕೆಳಗಿಳಿಯಲಿಲ್ಲ. "ಅಂದ್ರೆ ಅವ್ನಿಗೆ ಏಟು ಬಿದ್ದಿದೆ, ಯಾರಿಗೂ ಗೊತ್ತಾಗಲ್ಲ."

"ಗೊತ್ತಾಗಬಾರ್ದು ಅಂತ ತಾನೆ!"

"ನಿನಗಾಗಿರೋದು ಸಾಲದೇನೋ ರೂಫಸ್? ಮಗನಿಗೂ ಬೇಕಾ?"

"ನನಗೇನಾಗಿದೆ?"

ಶಾನಿಸ್ ತನ್ನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

"ಹೇಳೇ! ನನಗೇನಾಗಿದೆ?" ಅವನು ಎದ್ದು ನಿಂತಿದ್ದ. ತೋಳುಗಳು ಇನ್ನೂ ಆ ಕಾಲದವೇ.

"ಈ ಮೇಜಿನ ಮೇಲಿರೋದನ್ನೆಲ್ಲ ಒಂದೊಂದಾಗಿ ಹೆಸರು ಹೇಳು ನೋಡೋಣ," ಎಂದಳು ವರ್ಲೀನ್.

ಅಂದ ಮೇಲೆ ಅವಳಿಗೇ ಅನ್ನಬಾರದಿತ್ತು ಎನಿಸಿತು. ರೂಫಸ್ ಮೇಜನ್ನು ನೋಡಿದ. ಒಂದು ವಸ್ತುವಿನಿಂದ ಇನ್ನೊಂದಕ್ಕೆ ಅವನ ಕಣ್ಣು ಹೋಗುವುದನ್ನು ಮೂವರು ಹೆಂಗಸರೂ ಕಂಡರು. ಬಾಯಿ ತೆರೆದ, ಮುಚ್ಚಿದ. ಆಮೇಲೆ ತನ್ನ ತಟ್ಟೆಯನ್ನು ಎತ್ತಿಕೊಂಡು ಹೊರಗಿನ ಮೆಟ್ಟಿಲ ಮೇಲೆ ಹೋಗಿ ಕೂತ.

"ಅತ್ತೆ, ನೀವಾದ್ರೂ ಒಂದು ಮಾತು ಹೇಳಿ," ಎಂದಳು ವರ್ಲೀನ್.

ಅಜ್ಜಿ ಬಟ್ಟಲಿನ ತಳ ಕೆರೆಯುತ್ತಿದ್ದಳು. "ನನ್ನ ಕೇಳ್ಬೇಡಮ್ಮ. ಆ ಕಾಲದಲ್ಲಿ ರೂಫಸನ ಕೋಚ್ ಬಂದಾಗೆಲ್ಲ ಕೋಳಿ ಕರಿದು ಹಾಕಿದೋಳು ನಾನು. ಎದೆ ಭಾಗನೇ ಹಾಕ್ತಿದ್ದೆ."

*

ಮಾರನೆಯ ವಾರ ವರ್ಲೀನ್ ಕಾರ್ಖಾನೆಗೆ ಒಂದು ದಿನ ರಜೆ ಹಾಕಿ, ಡಬ್ಬಿಗಳಲ್ಲಿ ಊಟ ತುಂಬಿಕೊಂಡು ಕಾಲೇಜಿಗೆ ಹೊರಟಳು. ಹತ್ತಿ ಕಿತ್ತಾದ ಹೊಲಗಳು ಎರಡೂ ಕಡೆ ಬೋಳಾಗಿ ಬಿದ್ದಿದ್ದವು. ತವಾರಿಸನ ಕೋಣೆಯ ಪರದೆ ಮುಚ್ಚಿತ್ತು. ಅವನು ಕಪ್ಪು ಕನ್ನಡಕ ಹಾಕಿಕೊಂಡು ಹಾಸಿಗೆಯ ಮೇಲೆ ಕೂತಿದ್ದ.

"ಮನೆಯೊಳಗೆ ಎಂಥ ಬಿಸಿಲೋ?"

"ಸ್ಟೈಲು," ಎಂದು ನಕ್ಕ. ಡಬ್ಬಿಯ ಮುಚ್ಚಳ ತೆಗೆದು ಮೂಸಿದ. "ಎತ್ತಿನ ಬಾಲದ ಸಾರು! ಅಜ್ಜಿ ಹಲ್ಲು ಕಟ್ಟಿಸ್ಕೊಂಡ್ಲಾ?"

"ಬರೋ ತಿಂಗಳು. ಮೊದ್ಲು ತಿನ್ನು."

ತಿಂದ. ಅರ್ಧ ತಿನ್ನುವಷ್ಟರಲ್ಲಿ, "ಅಜ್ಜಿ ಹಲ್ಲು ಕಟ್ಟಿಸ್ಕೊಂಡ್ಲಾ?" ಎಂದ. ಅವಳು ಮತ್ತೆ ಅದೇ ಉತ್ತರ ಕೊಟ್ಟಳು. ಡಬ್ಬಿ ತೊಳೆದಿಡುವಾಗ ಮೂರನೆಯ ಸಲ ಕೇಳಿದಾಗ ಅವಳು ನಲ್ಲಿ ನಿಲ್ಲಿಸಿ ಅವನ ಕಡೆ ತಿರುಗಿದಳು.

"ಈ ವರ್ಷಕ್ಕೆ ಸಾಕು ಮಾಡಪ್ಪ. ನಿಮ್ಮಪ್ಪ ಎಲ್ಲ ಹೇಳಿದಾನೆ. ಆಗಸ್ಟಿನ ಪರೀಕ್ಷೆ ವಿಷಯ."

ತವಾರಿಸ್ ಕನ್ನಡಕ ತೆಗೆದ. ಕಣ್ಣು ಕೆಂಪಾಗಿತ್ತು. "ಎಲ್ರೂ ಮಾಡ್ತಾರೆ ಅಮ್ಮ. ಇನ್ನು ನಾಲ್ಕೇ ಆಟ. ದುಡ್ಡು ಕೊಟ್ಟು ಆಡಿಸೋ ದೊಡ್ಡ ತಂಡದೋರು ನನ್ನೇ ನೋಡೋಕ್ ಬರ್ತಿದಾರೆ, ಗೊತ್ತಾ? ನಾಲ್ಕು ಆಟ ಓಡಿದ್ರೆ ನೀನು ಮತ್ತೆ ಆ ತಣ್ಣೀರಿಗೆ ಕೈ ಹಾಕೋದೇ ಬೇಡ."

"ನಾನು ಕೇಳಿದ್ನಾ?"

"ಕೇಳ್ಬೇಕಾ? ನಿನ್ನ ಕೈ ನೋಡಿದ್ರೆ ಸಾಕು."

"ನನ್ನ ಕೈ ನೆಪ ಮಾಡ್ಬೇಡ. ನಿನ್ನ ತಲೆ ವಿಷಯ ಮಾತಾಡ್ತಿರೋದು."

"ನನ್ನ ತಲೆಗೆ ಏನೂ ಆಗಿಲ್ಲ." ಅವನು ಎದ್ದು ಅವಳ ಹೆಗಲ ಮೇಲೆ ಕೈ ಹಾಕಿ ಬಾಗಿಲವರೆಗೆ ಕರೆದುಕೊಂಡು ಬಂದ. "ಜೋಪಾನವಾಗಿ ಓಡಿಸ್ಕೊಂಡು ಹೋಗು. ಅಂದ ಹಾಗೆ, ಅಜ್ಜಿ..."

"ಬರೋ ತಿಂಗಳು," ಎಂದಳು ವರ್ಲೀನ್.

ಕಾರಿನ ತನಕ ಹೋದವಳು ಹಿಂದಕ್ಕೆ ತಿರುಗಿದಳು. ಖಾಲಿ ಡಬ್ಬಿಗಳ ಚೀಲ ಹಿಡಿದುಕೊಂಡೇ ಕ್ರೀಡಾಂಗಣದ ಕೆಳಗಿನ ಕೋಣೆ ಹುಡುಕಿದಳು. ತಂಡದ ಹುಡುಗರ ಗಾಯಗಳನ್ನು ನೋಡಿಕೊಳ್ಳುವ ಹೆಂಗಸು, ಮಿಸ್ ಡಾಲ್ಟನ್, ಯಾರದೋ ಕಾಲಿಗೆ ಪಟ್ಟಿ ಸುತ್ತುತ್ತಿದ್ದಳು. ಆ ಹುಡುಗ ಹೊರಗೆ ಹೋಗುವವರೆಗೆ ವರ್ಲೀನ್ ಗೋಡೆಗೊರಗಿ ನಿಂತಳು.

"ನಾನು ತವಾರಿಸನ ತಾಯಿ. ಅವನು ಆಗಸ್ಟಲ್ಲಿ ಬರೆದ ಪರೀಕ್ಷೆ ಸುಳ್ಳು. ಬೇಕಂತ ಕೆಟ್ಟದಾಗಿ ಬರೆದಿದಾನೆ."

ಮಿಸ್ ಡಾಲ್ಟನ್ ಹೋಗಿ ಬಾಗಿಲು ಹಾಕಿ ಬಂದಳು. "ಒಂದು ನಿಮಿಷ ಯೋಚನೆ ಮಾಡಿ ಅಮ್ಮ. ನಾನು ಕೇಳಿಸ್ಕೊಂಡ್ಮೇಲೆ ಕೇಳಿಸ್ಕೊಂಡಿಲ್ಲ ಅನ್ನೋಕಾಗಲ್ಲ. ಅವನ ಆಟ ಇಲ್ಲಿಗೇ ನಿಲ್ಬಹುದು."

ವರ್ಲೀನ್ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದಳು. ಆಮೇಲೆ ಅದೇ ಮಾತನ್ನು ಮೊದಲಿನಿಂದ, ಇನ್ನೂ ಸ್ವಲ್ಪ ಗಟ್ಟಿಯಾಗಿ ಹೇಳಿದಳು.

*

ದೊಡ್ಡ ಆಸ್ಪತ್ರೆಯವರು ಅವನ ತಲೆಯ ಚಿತ್ರ ತೆಗೆದರು, ಪ್ರಶ್ನೆ ಕೇಳಿದರು. ಕಾಲೇಜಿನ ಡಾಕ್ಟರು ಆಟ ಬೇಡವೆಂದರು. ಕಾಲೇಜು ಒಂದೇ ಮಾತು ಹೇಳಿತು: ಓದುವುದಿದ್ದರೆ ಓದಲಿ, ಖರ್ಚು ನಮ್ಮದೇ. ನಮ್ಮ ಅಂಗಿ ತೊಟ್ಟು ಇನ್ನು ಓಡುವ ಹಾಗಿಲ್ಲ.

ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಹತ್ತು ದಿನ ಮೊದಲು ತವಾರಿಸ್ ಗಂಟುಮೂಟೆ ಕಟ್ಟಿಕೊಂಡು ಬಂದ. ಬಾಗಿಲು ತೆರೆದ ತಾಯಿಯನ್ನು ಗಾಳಿಯನ್ನು ದಾಟುವ ಹಾಗೆ ದಾಟಿಕೊಂಡು ಒಳಗೆ ಹೋದ.

ಮಾತು ಬಿಟ್ಟ. ಅವಳ ಅಡುಗೆಯನ್ನೂ ಬಿಟ್ಟ. ಪೆಟ್ರೋಲ್ ಬಂಕಿನಿಂದ ಬರ್ಗರ್ ತಂದು ಕೋಣೆಯ ಬಾಗಿಲು ಹಾಕಿಕೊಂಡು ತಿನ್ನುತ್ತಿದ್ದ. ಅಜ್ಜಿ ನಡುಗುವ ಕೈಯಲ್ಲಿ ಮೊಟ್ಟೆ ಹುರಿದುಕೊಟ್ಟರೆ ಅದನ್ನು ತಿನ್ನುತ್ತಿದ್ದ. ವರ್ಲೀನ್ ಬೆಳಗ್ಗೆ ಒಲೆಯ ಮೇಲೆ ಇಟ್ಟು ಹೋದ ಮೆಕ್ಕೆಜೋಳದ ಗಂಜಿ ಸಂಜೆ ಬಂದಾಗ ಕೆನೆಗಟ್ಟಿ ಹಾಗೇ ಇರುತ್ತಿತ್ತು. ಅವಳು ಅದನ್ನು ಕೆರೆದು ಚೆಲ್ಲಿ ರಾತ್ರಿಯ ಅಡುಗೆಗೆ ಪಾತ್ರೆ ಇಡುತ್ತಿದ್ದಳು. ಪ್ರತಿ ಸಲವೂ ಐದು ಜನಕ್ಕೇ ಮಾಡುತ್ತಿದ್ದಳು.

"ಕಮ್ಮಿ ಮಾಡಬಾರ್ದಾ ಅಮ್ಮ?" ಎಂದಳು ಶಾನಿಸ್. "ಸುಮ್ನೆ ಹಾಳಾಗುತ್ತೆ."

"ಐದು ಜನ ಇದೀವಲ್ಲ."

ಕಾರ್ಖಾನೆಯಲ್ಲಿ ಪಕ್ಕದಲ್ಲಿ ನಿಂತು ಕೊಯ್ಯುವವಳು, "ನನ್ನ ಮಗ ಆಗಿದ್ರೆ ನಾನಂತೂ ಬಾಯಿ ಹೊಲ್ಕೋತಿದ್ದೆ," ಎಂದಳು. ಲೂಥರನ ಅಂಗಡಿಯಲ್ಲಿ, ಎದುರಾಳಿಗಳಿಗೆ ಹಿಡಿಯಲಾಗದವನನ್ನು ಹೆತ್ತವಳೇ ಹಿಡಿದು ಕೆಡವಿದಳು ಎಂದು ನಗುತ್ತಿದ್ದರಂತೆ. ಇದನ್ನು ಮನೆಗೆ ಹೊತ್ತು ತಂದವನು ರೂಫಸ್.

"ನಗ್ತಾರೆ ಕಣೆ ಊರೆಲ್ಲ!"

"ನಗಲಿ."

"ನಾಲ್ಕು ಆಟ! ನಾಲ್ಕೇ ನಾಲ್ಕು ಆಟ ಬಾಯಿ ಮುಚ್ಕೊಂಡಿರೋಕೆ ಆಗ್ಲಿಲ್ವಲ್ಲ ನಿಂಗೆ!"

ಹಬ್ಬದ ದಿನ ಮಾತ್ರ ಅಜ್ಜಿ ಹಟ ಹಿಡಿದಳು. "ನಾನು ಬರೋ ವರ್ಷ ಇರ್ತೀನೋ ಇಲ್ವೋ. ಎಲ್ರೂ ಒಂದೇ ಮೇಜಿಗೆ ಕೂತ್ಕೊಳ್ಳಿ. ಮಾತಾಡ್ಬೇಡಿ ಬೇಕಾದ್ರೆ, ಕೂತ್ಕೊಳ್ಳಿ." ತವಾರಿಸ್ ಬಂದು ಕೂತ. ಟರ್ಕಿ ಕೋಳಿಯನ್ನು ಮುಟ್ಟಲಿಲ್ಲ. ಅಂಗಡಿಯಿಂದ ತಂದ ಬನ್ನನ್ನು ಮುರಿದು ಮುರಿದು ತಿಂದ.

ರೂಫಸ್ ತನ್ನ ಹಳೆಯ ಕಥೆ ತೆಗೆದ. ನದಿಯಾಚೆಯ ಕಾಲೇಜಿನ ವಿರುದ್ಧ, ಸುರಿವ ಮಳೆಯಲ್ಲಿ, ಬೆನ್ನಿನ ಮೇಲೆ ಮೂವರನ್ನು ಹೊತ್ತುಕೊಂಡು, ಒಂದು ಬೂಟು ಕೆಸರಿನಲ್ಲೇ ಬಿಟ್ಟು ಗೆರೆ ದಾಟಿದ್ದು. "ಆ ಬೂಟು ಇವತ್ತಿಗೂ ಅಲ್ಲೇ ಬೇರು ಬಿಟ್ಟಿರಬೇಕು!" ತವಾರಿಸ್ ನಕ್ಕ. ಎಷ್ಟೋ ದಿನದ ಮೇಲೆ ಆ ಮನೆಯಲ್ಲಿ ಅವನ ನಗು ಕೇಳಿಸಿತು. ತವಾರಿಸನೂ ತನ್ನದೊಂದು ಹೇಳಿದ. ಮೊದಲ ವರ್ಷದ ಆಟ, ಎರಡು ಹೆಜ್ಜೆ ಎಡಕ್ಕೆ ಹಾಕಿ ಬಲಕ್ಕೆ ಹೊರಳಿದಾಗ ಎದುರಿನವನು ತನ್ನ ಕಾಲನ್ನು ತಾನೇ ಎಡವಿ ಬಿದ್ದದ್ದು. "ಅವನು ಬಿದ್ದಲ್ಲಿಂದಲೇ ನಂಗೆ ಟಾಟಾ ಮಾಡ್ದ ಅಪ್ಪ!" ರೂಫಸ್ ಮೇಜು ಗುದ್ದಿ ನಕ್ಕ.

ವರ್ಲೀನ್ ಗೆಣಸಿನ ಪೈ ಕೊಯ್ದು ತಂದಳು. ಎಲ್ಲರ ತಟ್ಟೆಗೂ ಹಾಕಿದಳು.

"ಒಂದ್ಸಲ ಏನಾಯ್ತು ಗೊತ್ತಾ?" ಎಂದ ರೂಫಸ್. "ನದಿಯಾಚೆಯ ಕಾಲೇಜು. ಮಳೆ ಅಂದ್ರೆ ಮಳೆ..."

ಶಾನಿಸ್ ತಮ್ಮನ ಮುಖ ನೋಡಿದಳು. ಅವನು ಕಣ್ಣಿನಲ್ಲಿ ಸನ್ನೆ ಮಾಡುತ್ತಾನೆಂದು, ಅಪ್ಪನಿಗೆ ಬೇಸರವಾಗದಿರಲೆಂದು ಸುಮ್ಮನೆ ಕೇಳುತ್ತಿದ್ದಾನೆಂದು ಅವಳು ಎಣಿಸಿರಬೇಕು. ತವಾರಿಸ್ ಮುಂದಕ್ಕೆ ಬಗ್ಗಿ ಕೇಳುತ್ತಿದ್ದ.

"ಬೂಟು ಏನಾಯ್ತು ಅಪ್ಪ?"

"ಬೂಟಾ? ಇವತ್ತಿಗೂ ಅಲ್ಲೇ ಬೇರು ಬಿಟ್ಟಿರಬೇಕು!"

ತವಾರಿಸ್ ಮೊದಲ ಸಲದಷ್ಟೇ ಜೋರಾಗಿ, ಮೊದಲ ಸಲ ನಕ್ಕ ಜಾಗದಲ್ಲೇ ನಕ್ಕ. ಆಮೇಲೆ ಕಣ್ಣೊರೆಸಿಕೊಂಡು, "ನಂದೂ ಒಂದಿದೆ ಕೇಳು," ಎಂದ. "ಮೊದಲ್ನೇ ವರ್ಷ. ಎರಡು ಹೆಜ್ಜೆ ಎಡಕ್ಕೆ ಹಾಕ್ದೆ..."

"ಆಮೇಲೆ?" ಎಂದ ರೂಫಸ್, ಆಸೆಯಿಂದ.

ಅಜ್ಜಿಯ ಚಮಚ ತಟ್ಟೆಗೂ ಬಾಯಿಗೂ ನಡುವೆ ನಿಂತಿತು. ಶಾನಿಸ್ ಎದ್ದು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟಳು. ನೀರು ಸುರಿಯುತ್ತಲೇ ಇತ್ತು. ಮೇಜಿನಲ್ಲಿ ಅಪ್ಪ ಮಗ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

*

ಡಿಸೆಂಬರಿನ ಮೊದಲ ಭಾನುವಾರ, ಚರ್ಚು ಮುಗಿಸಿ ಬರುವಷ್ಟರಲ್ಲಿ ಮನೆಯ ಮುಂದೆ ಅಪರಿಚಿತ ಕಾರು ನಿಂತಿತ್ತು. ಬೇರೊಂದು ಕಾಲೇಜಿನ ಕೋಚ್, ಬ್ಯಾಂಕ್‌ಸ್ಟನ್, ಟೋಪಿ ಕೈಯಲ್ಲಿ ಹಿಡಿದು ಮೆಟ್ಟಿಲ ಬಳಿ ಕಾಯುತ್ತಿದ್ದ. ದಪ್ಪ ಕುತ್ತಿಗೆಯ, ಮೆತ್ತಗಿನ ದನಿಯ ಮನುಷ್ಯ. ರೂಫಸ್ ಅವನ ಕೈಯನ್ನು ಎರಡೂ ಕೈಯಿಂದ ಕುಲುಕಿದ. ತವಾರಿಸ್ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕೋಣೆಯಿಂದ ಹೊರಗೆ ಬಂದ. ಈ ಬರುವಿಕೆ ವರ್ಲೀನ್ ಒಬ್ಬಳಿಗೇ ಹೊಸದೆಂದು ಅವಳಿಗೆ ಆಗ ತಿಳಿಯಿತು.

ಬ್ಯಾಂಕ್‌ಸ್ಟನ್ ಎರಡು ಸಲ ಹಾಕಿಸಿಕೊಂಡು ತಿಂದ. ಅಜ್ಜಿಯ ಹೊಸ ಹಲ್ಲನ್ನು ಹೊಗಳಿದ. ರೂಫಸನ ಬೂಟಿನ ಕಥೆಗೆ ಸರಿಯಾದ ಕಡೆ ನಕ್ಕ. ಹುಡುಗನನ್ನು ಗೆಲ್ಲಬೇಕಾದರೆ ಮೊದಲು ಅಡುಗೆಮನೆ ಗೆಲ್ಲಬೇಕೆಂಬುದು ಈ ಕಡೆಯ ಕೋಚುಗಳಿಗೆಲ್ಲ ಗೊತ್ತಿರುವ ಪಾಠ. ಊಟ ಮುಗಿದ ಮೇಲೆ ಅವನು ಅಂಗಿಯ ತೋಳು ಮಡಚಿಕೊಂಡು ವರ್ಲೀನಳ ಪಕ್ಕ ನಿಂತು ಪಾತ್ರೆ ಒರೆಸತೊಡಗಿದ.

"ಮಿಸ್ ವರ್ಲೀನ್, ನಾನು ಹುಡುಗರನ್ನ ಕರ್ಕೊಂಡು ಹೋಗೋದು ತಾಯಂದಿರು ಒಪ್ಪಿದ್ರೆ ಮಾತ್ರ. ನಿಮ್ಮ ಮಗ ಮುಂದಿನ ವರ್ಷ ನನ್ನಲ್ಲಿ ಓಡ್ಬೇಕು. ಆಟ ಇದ್ದಾಗೆಲ್ಲ ಕಾರು ಕಳಿಸ್ತೀನಿ. ನನ್ನ ಹೆಂಡ್ತಿ ಪಕ್ಕ ಕೂತು ನೋಡಿ."

"ಡಾಕ್ಟರು ಬೇಡ ಅಂದಿದಾರೆ."

"ಆ ಕಾಲೇಜಿನ ಡಾಕ್ಟರು. ನಮ್ಮ ಡಾಕ್ಟರು ಹೊಸದಾಗಿ ನೋಡ್ತಾರೆ." ಅವನು ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ ಇನ್ನೊಮ್ಮೆ ಒರೆಸಿದ. "ಪರೀಕ್ಷೇಲೆಲ್ಲ ಪಾಸಾಗಿದಾನೆ ಹುಡುಗ. ಅಡ್ಡ ಇರೋದು ಮುಖ್ಯವಾಗಿ ಒಂದೇ, ಆಗಸ್ಟಿನ ಪರೀಕ್ಷೆ ಸುಳ್ಳು ಅಂತ ನೀವು ಹೇಳಿದ ಮಾತು. ನಮ್ಮ ಡಾಕ್ಟರು ನಿಮಗೊಂದು ಫೋನ್ ಮಾಡ್ತಾರೆ. ತಪ್ಪು ತಿಳ್ಕೊಂಡಿದ್ದೆ, ಗಾಬರೀಲಿ ಏನೋ ಅಂದುಬಿಟ್ಟೆ ಅಂದ್ರೆ ಸಾಕು. ಯಾವ ತಾಯಿಗೆ ಗಾಬರಿ ಆಗಲ್ಲ ಹೇಳಿ?"

ವರ್ಲೀನ್ ತಿರುಗಿ ನೋಡಿದಳು. ಬಾಗಿಲಲ್ಲಿ ತವಾರಿಸ್ ನಿಂತಿದ್ದ. ಅವನ ಹಿಂದೆ ರೂಫಸ್, ಕುರ್ಚಿಯಲ್ಲಿ ಅಜ್ಜಿ. ಶಾನಿಸ್ ಮೇಜಿಗೊರಗಿ ತಲೆ ತಗ್ಗಿಸಿದ್ದಳು.

ತವಾರಿಸ್ ಒಳಗೆ ಬಂದು ಚರಣಿಗೆಯಿಂದ ಒಂದು ತಟ್ಟೆ ತೆಗೆದುಕೊಂಡ.

"ಅಮ್ಮ, ನಂಗೂ ಸ್ವಲ್ಪ ಹಾಕು," ಎಂದ.

ಅವಳಿಗೆ ಕೇಳಿಸಿದ್ದು ನಿಜವೋ ಅಲ್ಲವೋ ಎನ್ನುವ ಹಾಗೆ ಆಯಿತು. ಕೈ ತಾನಾಗಿ ಪಾತ್ರೆಯ ಮುಚ್ಚಳ ತೆಗೆಯಿತು. ಕೋಳಿ, ಗ್ರೇವಿ, ಅನ್ನ, ಸೊಪ್ಪು. ಅವನು ಅಡುಗೆಮನೆಯ ಸಣ್ಣ ಸ್ಟೂಲಿನ ಮೇಲೆ ಕೂತು ತಿನ್ನತೊಡಗಿದ. ಮೊದಲ ತುತ್ತಿಗೆ ಕಣ್ಣು ಮುಚ್ಚಿದ. ಆಮೇಲೆ ಬೇಗ ಬೇಗ, ಶಾಲೆ ಬಿಟ್ಟು ಬಂದ ಹುಡುಗ ತಿನ್ನುವ ಹಾಗೆ, ಗಲ್ಲಕ್ಕೆ ಗ್ರೇವಿ ಮೆತ್ತಿಕೊಂಡು ತಿಂದ. ಕತ್ತು ತೆಳ್ಳಗಾಗಿತ್ತು. ಬರ್ಗರ್ ತಿಂದು ಬದುಕುವ ಮೈಯಲ್ಲ ಅದು.

"ಅಂದುಬಿಡಮ್ಮ," ಎಂದ ಬಾಯಿ ತುಂಬ ಇರುವಾಗಲೇ. "ಒಂದು ಮಾತು. ನಾನು ಎಲ್ಲ ಮರೀತೀನಿ. ಮೊದಲಿನ ಹಾಗೆ ಇರೋಣ."

"ಅನ್ನೇ," ಎಂದ ರೂಫಸ್. "ಏನ್ ಕಷ್ಟ ನಿಂಗೆ? ಒಂದು... ಒಂದು..." ಮಾತು ಸಿಗಲಿಲ್ಲ ಅವನಿಗೆ.

ವರ್ಲೀನ್ ಸೌಟನ್ನು ಕೈಗೆ ತೆಗೆದುಕೊಂಡಳು. ಮಗನ ತಟ್ಟೆ ಖಾಲಿಯಾಗುತ್ತ ಬಂದಿತ್ತು.

"ಇನ್ನೊಂದು ತುಂಡು ಹಾಕ್ಲಾ?" ಎಂದಳು.

"ಹಾಕು."

ತೊಡೆಯ ತುಂಡನ್ನೇ ಹುಡುಕಿ ಹಾಕಿದಳು. ಗ್ರೇವಿಯನ್ನು ಅನ್ನದ ಮೇಲೆ ಸುತ್ತಲೂ ಬಿಟ್ಟಳು. ಬ್ಯಾಂಕ್‌ಸ್ಟನ್ ಒರೆಸುವ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಇಟ್ಟು, ಗೆದ್ದ ಮನುಷ್ಯನ ತಾಳ್ಮೆಯಿಂದ ಕಾಯುತ್ತ ನಿಂತ. ತವಾರಿಸ್ ಮೂಳೆಯನ್ನು ಚೀಪಿದ. ಬೆರಳು ನೆಕ್ಕಿದ. ತಟ್ಟೆಯಲ್ಲಿ ಉಳಿದ ಅಗುಳುಗಳನ್ನೆಲ್ಲ ಒಂದು ಕಡೆ ಗೋರಿ ಬಾಯಿಗೆ ಹಾಕಿಕೊಂಡ. ಅವನು ನುಂಗುವವರೆಗೂ ಅವಳು ಕಾದಳು. ನೀರಿನ ಲೋಟ ಕೈಗೆ ಕೊಟ್ಟು, ಕುಡಿಯುವವರೆಗೂ ಕಾದಳು.

"ಅಂತೀಯಲ್ಲ ಅಮ್ಮ?"

"ಇಲ್ಲ," ಎಂದಳು ವರ್ಲೀನ್. "ಅನ್ನಲ್ಲ."